ಚಾವಡಿಯಲ್ಲಿ ಬರೆದ ವಂಶಾವಳಿ

ಹೋದ ತಿಂಗಳು ನಮ್ಮ ಓಣಿಯ ಹುಡುಗಿಯೊಬ್ಬಳಿಗೆ ಗ್ರಾಮ ಆಡಳಿತ ಅಧಿಕಾರಿಯಾಗಿ ನೇಮಕದ ಆದೇಶ ಬಂತು. ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿ. ಪೇಡೆ ಕೊಡಲು ಬಂದವಳು ಹೊಸ್ತಿಲಲ್ಲೇ ನಿಂತು, "ಆಂಟಿ, ಕೆಲಸ ಹೆಂಗಿರ್ತದ್ರಿ?" ಎಂದು ಕೇಳಿದಳು. "ಚಪ್ಪಲಿ ಭಾಳ ಸವೀತಾವ, ಗಟ್ಟಿವು ನೋಡಿ ತಗೋ," ಎಂದೆ. ನಕ್ಕು ಹೋದಳು. ನನಗೆ ಮಾತ್ರ ಸಮಾಧಾನವಾಗಲಿಲ್ಲ. ತರಬೇತಿಯಲ್ಲಿ ಅವಳಿಗೆ ಕಾಯಿದೆ ಹೇಳಿಕೊಡುತ್ತಾರೆ, ಕಂಪ್ಯೂಟರ್ ಹೇಳಿಕೊಡುತ್ತಾರೆ. ನಾನು ಮಾಡಿದಂಥ ತಪ್ಪನ್ನು ಅಲ್ಲಿ ಯಾರು ಹೇಳಿಕೊಡುತ್ತಾರೆ? ಮಾಡಿದವಳೇ ಹೇಳಬೇಕು. ಅದಕ್ಕೇ ಬರೆಯಲು ಕೂತಿದ್ದೇನೆ.

ನಾನು ಸುಶೀಲಾಬಾಯಿ. ಕಂದಾಯ ಇಲಾಖೆಯಲ್ಲಿ ಹಳ್ಳಿ ಕೆಲಸ ಮಾಡಿಯೇ ನಿವೃತ್ತಳಾದವಳು. ಸೇರಿದಾಗ ನಮ್ಮ ಹುದ್ದೆಗೆ ಗ್ರಾಮ ಲೆಕ್ಕಿಗ ಎನ್ನುತ್ತಿದ್ದರು. ಆಮೇಲೆ ಹೆಸರು ಎರಡು ಸಲ ಬದಲಾಯಿತು. ಹಳ್ಳಿಯ ಹಿರಿಯರ ಬಾಯಲ್ಲಿ ಮಾತ್ರ ನಿಜಾಮರ ಕಾಲದ ಪಟವಾರಿಯೇ ಉಳಿದಿದೆ. ನನ್ನನ್ನು ಕೊನೆಯ ದಿನದವರೆಗೂ "ಪಟವಾರಿ ಅಕ್ಕಾರು" ಎಂದೇ ಕರೆದರು. ನಮ್ಮ ತಂದೆ ರಾಯಚೂರಿನಲ್ಲಿ ಶಾಲಾ ಮಾಸ್ತರರು, ಬೆಳಗಿನ ಹೊತ್ತು ಗುಡಿಯಲ್ಲಿ ಪೂಜೆ. ನಾನು ಹೊಲ ಹೊಲ ತಿರುಗುವ ನೌಕರಿಗೆ ಹೋಗುವುದು ಅಮ್ಮನಿಗೆ ಬೇಡವಾಗಿತ್ತು. "ಮಾಸ್ತರಿಕಿ ಮಾಡು, ನೆಳ್ಳಾಗರ ಇರ್ತಿ," ಎಂದಿದ್ದಳು. ರಾಯಚೂರಿನಲ್ಲಿ ಹುಟ್ಟಿದವಳಿಗೆ ಬಿಸಿಲಿನ ಹೆದರಿಕೆ ಹೇಳಿದರೆ ನಡೆಯುತ್ತದೆಯೇ?

ಮೊದಲ ನೇಮಕ ಯರಗೇರಾ ಕಡೆ. ಮೊದಲ ದಿನ ಚಾವಡಿಗೆ ಹೋದರೆ ಕಟ್ಟೆಯ ಮೇಲೆ ಕೂತವರು ಯಾರೂ ಜಾಗ ಬಿಡಲಿಲ್ಲ. ಒಬ್ಬ ಹಿರಿಯರು ಮೀಸೆಯಲ್ಲೇ ನಗುತ್ತ, "ಯಾಕ್ರಿ, ಸರ್ಕಾರದಾಗ ಗಂಡಸ್ರು ತೀರಿದ್ರೇನು?" ಎಂದರು. "ತೀರಿಲ್ರಿ. ಅವರೂ ಪರೀಕ್ಷಾಕ್ಕ ಕುಂತಿದ್ರು, ನಾ ಪಾಸಾದೆ," ಎಂದೆ. ಕಟ್ಟೆಯ ಮೇಲೆ ಜಾಗ ಆಯಿತು. ಆ ಜಾಗ ಸಿಕ್ಕಿದ್ದೇ ದೊಡ್ಡದೆಂದು ನಾನು ತಿಳಿದದ್ದು, ಅಲ್ಲೇ ಕೂತು ಎಲ್ಲ ಕೆಲಸ ಮಾಡಿದ್ದು, ಮುಂದೆ ನಾನು ಮಾಡಿದ ಅನ್ಯಾಯಕ್ಕೆ ಮೂಲ.

ಕೆಲಸ ಕಲಿಸಿದವರು ಗಿರದಾವರ ಖಾಜಾ ಸಾಹೇಬರು. ಗಿರದಾವರ ಎಂದರೆ ನಮ್ಮ ಮೇಲಿನ ಕಂದಾಯ ನಿರೀಕ್ಷಕರು. ಒಣಗಿದ ಮೈ, ಕೈಯಲ್ಲಿ ಸದಾ ಕೊಡೆ, ಮಾತು ಕಡಿಮೆ. ಪಹಣಿಯಲ್ಲಿ ಬೆಳೆ ಬರೆಯುವುದಕ್ಕೆ ಹೊಲದ ಬದುವಿನ ಮೇಲೆ ನಿಲ್ಲಲೇಬೇಕು ಎನ್ನುವ ಮನುಷ್ಯ. ಒಮ್ಮೆ ನಾನು ಜ್ವರವೆಂದು ಮನೆಯಲ್ಲೇ ಕೂತು, ಹೋದ ವರ್ಷದ ಬೆಳೆಯನ್ನೇ ನಕಲು ಮಾಡಿದ್ದೆ. ಹತ್ತಿ ಎಂದು ಬರೆದ ಹೊಲದಲ್ಲಿ ತೊಗರಿ ನಿಂತಿತ್ತು. ನನ್ನನ್ನು ಆ ಹೊಲಕ್ಕೇ ಕರೆದುಕೊಂಡು ಹೋಗಿ, "ಈ ತೊಗರಿಗಿ ಹತ್ತಿ ಅಂತ ನೀನ ಹೇಳವ್ವಾ, ನನ್ನ ಮಾತು ಅದು ಕೇಳವಲ್ದು," ಎಂದರು. ಆಮೇಲೆ ನಾನೆಂದೂ ಕೂತು ಪಹಣಿ ಬರೆಯಲಿಲ್ಲ.

ಇಂಥ ಮನುಷ್ಯರೇ ನನಗೆ ವಂಶಾವಳಿ ಬರೆಯುವುದನ್ನೂ ಕಲಿಸಿದ್ದು. ಹೊಲದ ಯಜಮಾನ ತೀರಿಕೊಂಡರೆ ಹೊಲವನ್ನು ವಾರಸುದಾರರ ಹೆಸರಿಗೆ ಮಾಡಬೇಕು, ಅದಕ್ಕೆ ಫೌತಿ ಎನ್ನುತ್ತಾರೆ. ಫೌತಿಗೆ ಮೊದಲು ಆ ಮನೆಯ ವಂಶಾವಳಿ, ಎಂದರೆ ಯಾರಿಗೆ ಯಾರು ಹುಟ್ಟಿದರು ಎಂಬ ಗೆರೆಗಳ ಗಿಡ. ಪಟವಾರಿ ಚಾವಡಿಯಲ್ಲಿ ಕೂತು ಊರಿನ ಐವರು ಪಂಚರನ್ನು ಕೇಳಿ ಅದನ್ನು ಬರೆದು, ಅವರ ಸಹಿ ಹಾಕಿಸುವುದು ರೂಢಿ. ಪಂಚರು ಗಂಡುಮಕ್ಕಳ ಹೆಸರು ಹೇಳುತ್ತಿದ್ದರು. ನಾನು ಗೆರೆ ಎಳೆಯುತ್ತಿದ್ದೆ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬ ಗಾದೆ ಅವರಿಗೂ ಗೊತ್ತು, ನನಗೂ ಗೊತ್ತು. ಹೆಣ್ಣುಮಕ್ಕಳಿಗೂ ಪಾಲುಂಟೆಂದು ಕಾನೂನು ಹೇಳುತ್ತಿತ್ತು. ಆದರೆ ಹೆಣ್ಣುಮಕ್ಕಳು ಎಷ್ಟು ಎಂದು ನಾನು ಕೇಳುತ್ತಿರಲಿಲ್ಲ. ಕೇಳಬೇಡ ಎಂದು ಯಾರೂ ಹೇಳಿರಲೂ ಇಲ್ಲ. ಒಬ್ಬ ಹೆಂಗಸು ಆ ಕೆಲಸಕ್ಕೆ ಬಂದರೂ ಗಿಡದಲ್ಲಿ ಒಂದು ಗೆರೆ ಹೆಚ್ಚಾಗಲಿಲ್ಲ ಎಂಬುದನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಸೇವೆಯ ಅರ್ಧ ದಾರಿ ಕಳೆದ ಮೇಲೆ ಮಾನ್ವಿ ತಾಲ್ಲೂಕಿಗೆ ಬಂದೆ. ಮಲ್ಲಟದ ಆಚೆಗಿನ ಊರು. ಹೆಸರು ಬರೆಯುವುದಿಲ್ಲ, ಆ ಮನೆಯವರು ಇನ್ನೂ ಅಲ್ಲೇ ಇದ್ದಾರೆ. ಜನರ ಹೆಸರನ್ನೂ ಬದಲಿಸಿದ್ದೇನೆ. ಖಾಜಾ ಸಾಹೇಬರೂ ಅಷ್ಟು ಹೊತ್ತಿಗೆ ಆ ಕಡೆಗೇ ಬಂದಿದ್ದರು.

ಅಲ್ಲಿ ಬೆಳೆ ಬರೆಯಲು ಹೊಲಕ್ಕೆ ಹೋದಾಗೆಲ್ಲ ಸೂಗಮ್ಮ ಸಿಗುತ್ತಿದ್ದಳು. ಮೂವತ್ತೈದರ ಆಸುಪಾಸು. ಮದುವೆಯಾದ ಮೂರನೇ ವರ್ಷಕ್ಕೆ ಗಂಡ ಬೇರೆಯವಳನ್ನು ಕಟ್ಟಿಕೊಂಡ. ಇವಳು ತವರಿಗೆ ಬಂದು, ತಂದೆಯ ಜೊತೆ ಹೊಲದಲ್ಲಿ ನಿಂತಳು. ಹನ್ನೆರಡು ವರ್ಷ. ಕಾಲುವೆ ನೀರು ತಿರುವುವುದು, ಭತ್ತದ ನಾಟಿ, ಮೆಣಸಿನಕಾಯಿ ಬಿಡಿಸುವುದು, ಎಲ್ಲ ಅವಳದೇ. ಅಣ್ಣ ಶರಣಪ್ಪನಿಗೆ ಊರಲ್ಲಿ ಕಿರಾಣಿ ಅಂಗಡಿ, ತಮ್ಮ ಅಮರೇಶ ಮಾನ್ವಿಯ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದ. ನನ್ನನ್ನು ಕಂಡರೆ ಸೂಗಮ್ಮ ಬೇವಿನ ನೆರಳಿಗೆ ಕರೆದು, "ಕುಂದ್ರಿರಿ ಅಕ್ಕಾರೆ, ಬಿಸಲು ಕೆಂಡ ಆಗ್ಯದ," ಎಂದು ತಂಬಿಗೆಯ ನೀರು ಕೊಡುತ್ತಿದ್ದಳು. ಆ ಹೊಲದ ಬೆಳೆಯನ್ನು ಅವಳ ಬಾಯಿಂದಲೇ ಕೇಳಿ ಬರೆದುಕೊಳ್ಳುತ್ತಿದ್ದೆ.

ಅವಳ ತಂದೆ ತೀರಿಕೊಂಡರು. ಶರಣಪ್ಪ ಫೌತಿಗೆ ಅರ್ಜಿ ಕೊಟ್ಟ. ನಾನು ಎಂದಿನಂತೆ ಚಾವಡಿಯಲ್ಲಿ ಕೂತೆ. ಐವರು ಪಂಚರು ಹೇಳಿದರು, ನಾನು ಬರೆದೆ: ತಾಯಿ ಬಸಲಿಂಗಮ್ಮ, ಮಕ್ಕಳು ಇಬ್ಬರು, ಶರಣಪ್ಪ ಮತ್ತು ಅಮರೇಶ. ತಾಯಿ ತನ್ನ ಪಾಲನ್ನೂ ಮಕ್ಕಳ ಹೆಸರಿಗೇ ಬಿಟ್ಟಿದ್ದಾಳೆಂದು ಹೆಬ್ಬೆಟ್ಟಿನ ಕಾಗದವೂ ಬಂತು. ತಕರಾರಿದ್ದರೆ ಮೂವತ್ತು ದಿನದೊಳಗೆ ಹೇಳಬೇಕೆಂಬ ಪ್ರಕಟಣೆಯನ್ನು ಚಾವಡಿ ಗೋಡೆಗೆ ಅಂಟಿಸಿದೆ. ಯಾರೂ ಬರಲಿಲ್ಲ. ಖಾಜಾ ಸಾಹೇಬರು ಮಂಜೂರು ಮಾಡಿದರು. ಯಾರ ಕೈಯ ನೀರು ಕುಡಿದಿದ್ದೆನೋ ಅವಳ ಹೆಸರು ಬಿಟ್ಟಿದ್ದೇನೆ ಎಂದು ಆ ಮೂವತ್ತು ದಿನದಲ್ಲಿ ಒಂದು ಸಲವೂ ನನ್ನ ತಲೆಗೆ ಬರಲಿಲ್ಲ. ಲಂಚ ತಿಂದು ಮಾಡಿದ್ದರೆ ಕಳ್ಳತನ ಎನ್ನಬಹುದಿತ್ತು. ನಾನು ಮಾಡಿದ್ದು ಬರೇ ರೂಢಿಯಿಂದ.

ಮುಂಗಾರಿನ ಹೊತ್ತಿಗೆ ಸೂಗಮ್ಮ ಚಾವಡಿಗೆ ಬಂದಳು. ಒಳಗೆ ಬರಲಿಲ್ಲ, ಕಟ್ಟೆಯ ಕೆಳಗೆ ನಿಂತಳು. ನಮ್ಮ ಗ್ರಾಮ ಸಹಾಯಕ ಹುಸೇನಪ್ಪ ಹೊರಗೆ ಹೋಗಿ ಕೇಳಿ ಬಂದು, "ಅಕ್ಕಾರೆ, ನೀವ ಇಳದು ಬರ್ಬೇಕಂತ," ಎಂದ. ಇಳಿದು ಹೋದೆ.

"ಅಣ್ಣ ಹೊಲ ಬ್ಯಾರೆದವರಿಗಿ ಲೀಜಿಗಿ ಕೊಟ್ಟಾನ್ರಿ. ಈ ವರ್ಷ ನೀ ಬಿತ್ತಬ್ಯಾಡ ಅಂದಾನ. ಹೊಲದಾಗ ನಿಂದೇನೂ ಇಲ್ಲ, ಪಟವಾರಿ ಅಕ್ಕಾರೆ ಬರದಾರ ಅಂದ. ಖರೇನೇನ್ರಿ?"

ನೌಕರರಿಗೆ ಇಂಥ ಹೊತ್ತಿನಲ್ಲಿ ಬಾಯಿಗೆ ಬರುವುದೇ ನನಗೂ ಬಂತು. "ತಕರಾರು ಮೂವತ್ತು ದಿನದಾಗ ಕೊಡಬೇಕಿತ್ತಲ್ಲ ಸೂಗಮ್ಮ. ಗ್ವಾಡಿಗಿ ಹಚ್ಚಿದ್ವಿ."

"ಯಾವ ಗ್ವಾಡಿಗ್ರಿ?"

"ಇದ ಚಾವಡಿ ಗ್ವಾಡಿಗಿ."

ಅವಳು ಆ ಗೋಡೆಯನ್ನು ನೋಡಿದಳು. "ಚಾವಡಿ ಮುಂದ ಹಾಯುವಾಗ ನಾವು ಸೆರಗು ಎಳಕೊಂಡು ತೆಲಿ ಕೆಳಗ ಹಾಕೊಂಡು ಹಾಯ್ತೀವ್ರಿ. ಗ್ವಾಡಿ ಹೆಂಗ ಕಾಣ್ತದ? ಕಂಡ್ರರ ನನಗ ಓದಾಕ ಬರ್ತದೇನು?" ಎಂದಳು. ಆಮೇಲೆ, "ನೀವು ಹೊಲಕ್ಕ ಬರ್ತಿದ್ರಿ. ಅಲ್ಲೆ ಒಂದ್ ಮಾತು ಕೇಳಿದ್ರ ಆಗ್ತಿತ್ತು," ಎಂದಳು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ. ನಾನು ಆ ದಿನ ಊಟ ಮಾಡಲಿಲ್ಲ. ಮರುದಿನ ನಿರ್ಧಾರ ಮಾಡಿದೆ: ಈ ಹೊಲದ ಪಹಣಿಯಲ್ಲಿ ಅವಳ ಹೆಸರು ಬರುವವರೆಗೆ ಬಿಡುವುದಿಲ್ಲ.

ದಾರಿ ಒಂದೇ ಇತ್ತು. ರಾಯಚೂರಿನಲ್ಲಿ ಸಹಾಯಕ ಆಯುಕ್ತರ ಮುಂದೆ ಸೂಗಮ್ಮ ಮೇಲ್ಮನವಿ ಹಾಕಬೇಕು, ನನ್ನ ವರದಿ ತಪ್ಪು ಎಂದು ನಾನೇ ಬರೆದು ಕೊಡಬೇಕು. ಜೊತೆಗಾರರೆಲ್ಲ ಬೇಡವೆಂದರು. "ಬಾಯಿಲೆ ಹೇಳ್ರಿ, ಬರವಣಿಗಿಯೊಳಗ ಕೊಡಬ್ಯಾಡ್ರಿ, ನಿಮ್ಮ ಕೈಲೆ ನಿಮ್ಮ ಕೊಳ್ಳಿಗೆ ಹಗ್ಗ ಹಾಕೋಬ್ಯಾಡ್ರಿ," ಎಂದು ಒಬ್ಬರು ಕಾಳಜಿಯಿಂದಲೇ ಹೇಳಿದರು. ನನಗೆ ಹೆದರಿಕೆಯಿದ್ದದ್ದು ಖಾಜಾ ಸಾಹೇಬರದು. ಮಂಜೂರಾತಿಯ ಸಹಿ ಅವರದು, ನಿವೃತ್ತಿ ಹತ್ತಿರವಿತ್ತು. ಹೋಗಿ ಹೇಳಿದೆ. ಕೊಡೆಯ ತುದಿಯಿಂದ ನೆಲದ ಮೇಲೆ ಒಂದು ಗೆರೆ ಗೀರಿದರು.

"ಹೊಲಕ್ಕ ಹೋಗದ ಪಹಣಿ ಬರೀಬ್ಯಾಡ ಅಂತ ನಿನಗ ಹೇಳಿದೆ. ಮನಿಗಿ ಹೋಗದ ವಂಶಾವಳಿ ಬರಿ ಅಂತ ನಾನ ಕಲಿಸಿದೆ," ಎಂದರು. "ಬರಕೊಡವ್ವಾ. ಗಿರದಾವರನೂ ನೋಡದ ಸಹಿ ಮಾಡ್ಯಾನ ಅಂತ ಸೇರಸು."

ಸೇರಿಸಿದೆ. ಅಂಥ ಮೇಲಧಿಕಾರಿ ಸಿಕ್ಕರೆ ಅವರ ತಪ್ಪುಗಳನ್ನೂ ಗೌರವದಿಂದ ನೆನೆಯಬೇಕು ಎಂದು ನನಗೆ ಅನಿಸುತ್ತದೆ.

ಸೂಗಮ್ಮನ ಮೇಲ್ಮನವಿ ಹೋದ ಸುದ್ದಿ ಊರಿಗೆ ಮುಟ್ಟಿತು. ಶರಣಪ್ಪ ಕೆಟ್ಟ ಮನುಷ್ಯನಲ್ಲ, ಅದನ್ನೂ ಹೇಳಬೇಕು. ತಂಗಿಯನ್ನು ಹನ್ನೆರಡು ವರ್ಷ ಮನೆಯಲ್ಲಿ ಇಟ್ಟುಕೊಂಡವನು. ಒಂದು ದಿನ ಹೊಸ ಇಳಕಲ್ ಸೀರೆ, ಕುಬಸದ ಖಣ, ಕೊಬ್ಬರಿ ಬಟ್ಟಲು, ಅಕ್ಕಿ ತಂದು, ಊರ ನಾಲ್ವರನ್ನು ಕರೆದು, ತಂಗಿಗೆ ಉಡಿ ತುಂಬಲು ನಿಂತ. ನನ್ನನ್ನೂ ಕರೆಸಿದ. ನಮ್ಮ ಕಡೆ ಅಣ್ಣ ಉಡಿ ತುಂಬಿದ ಮೇಲೆ ಅವನ ಮಾತಿಗೆ ಹೆಣ್ಣುಮಗಳು ಇಲ್ಲವೆನ್ನುವುದಿಲ್ಲ. ಎಷ್ಟೋ ಮನೆಗಳಲ್ಲಿ ಉಡಿಯ ಅಕ್ಕಿ ಸೆರಗಿನಲ್ಲಿರುವಾಗಲೇ ಹಕ್ಕು ಬಿಟ್ಟ ಕಾಗದಕ್ಕೆ ಹೆಬ್ಬೆಟ್ಟು ಬೀಳುತ್ತದೆ.

"ಮನಿಗಿ ಹಿರೇಂವ ನಾನು. ನಿನಗ ಅನ್ನಕ್ಕ ಕಡಿಮಿ ಮಾಡಂಗಿಲ್ಲ. ಬಾ, ಮಣಿ ಮ್ಯಾಲ ಕುಂದ್ರು," ಎಂದ ಶರಣಪ್ಪ.

ಸೂಗಮ್ಮ ಮಣೆಯ ಹತ್ತಿರ ಹೋದಳು, ಕೂರಲಿಲ್ಲ. ಉಡಿಯನ್ನು ಬೇಡವೆನ್ನುವುದು ನಮ್ಮಲ್ಲಿ ಸಣ್ಣ ಮಾತಲ್ಲ. ತವರಿನ ಬಾಗಿಲನ್ನು ತಾನೇ ಎಳೆದುಕೊಂಡಂತೆ. "ಅಣ್ಣಾ, ನೀ ಹಾಕೋ ಅನ್ನ ನೀ ಹಾಕ್ದಂಗ ತಿನಬೇಕು. ನಂದು ನನಗ ಇರ್ಲಿ. ಹೊಲ ಹೆಸರಿಗಿ ಬಂದ ದಿನ ತುಂಬು, ತುಂಬಿಸಿಕೋತೀನಿ," ಎಂದಳು. ತಾಯಿ ಬಸಲಿಂಗಮ್ಮ ಒಳಗಿನಿಂದ, "ಮಾನ ತೆಗದೆಲ್ಲೇ ನಮ್ಮವ್ವಾ," ಎಂದು ಅತ್ತಳು. ಆ ರಾತ್ರಿಯಿಂದ ಸೂಗಮ್ಮ ಹುಸೇನಪ್ಪನ ಮನೆಯ ಪಡಸಾಲೆಯಲ್ಲಿ ಒಲೆ ಹೂಡಿ, ಕೂಲಿಗೆ ಹೋಗತೊಡಗಿದಳು.

ವಿಚಾರಣೆಯ ದಿನ ರಾಯಚೂರಿಗೆ ಒಂದೇ ಬಸ್ಸಿನಲ್ಲಿ ಎರಡೂ ಕಡೆಯವರು ಬಂದೆವು. ಮುಂದಿನ ಸೀಟಿನಲ್ಲಿ ಅಣ್ಣತಮ್ಮಂದಿರು, ನಡುವೆ ತಾಯಿ. ಹಿಂದೆ ನಾನು, ಸೂಗಮ್ಮ. ತಾಯಿಯನ್ನು ಅವರು ಸಾಕ್ಷಿಗೆ ಕರೆತಂದಿದ್ದರು.

ಸಹಾಯಕ ಆಯುಕ್ತರು ನನಗಿಂತ ಬಹಳ ಚಿಕ್ಕವರು. ಕಾಗದ ತಿರುವಿ ನೋಡಿ, "ನಿಮ್ಮ ವರದಿಯನ್ನು ನೀವೇ ತಪ್ಪು ಎನ್ನುತ್ತಿದ್ದೀರಿ. ಆಗ ಐದು ಜನರನ್ನು ಕೇಳಿದ್ದಿರಿ. ಈಗ ಯಾರನ್ನು ಕೇಳಿದಿರಿ?" ಎಂದರು.

"ಆಗ ಕೇಳದೆ ಬಿಟ್ಟವರನ್ನು ಈಗಲಾದರೂ ಕೇಳಬೇಕು ಸರ್. ಅವರ ತಾಯಿ ಇಲ್ಲೇ ಇದ್ದಾರೆ," ಎಂದೆ. ಅದನ್ನು ಹೇಳುವಾಗ ನನಗೆ ಧೈರ್ಯವೇನೂ ಇರಲಿಲ್ಲ. ಆಕೆ ಮಗಳ ಕಡೆಗೆ ಹೇಳುವಳೆಂಬ ಭರವಸೆಯಂತೂ ಮೊದಲೇ ಇರಲಿಲ್ಲ.

ಸಹಾಯಕ ಆಯುಕ್ತರು ಕೇಳಿದರು: "ಅಮ್ಮ, ನಿಮಗೆ ಮಕ್ಕಳೆಷ್ಟು?"

"ಮದಿವ್ಯಾಗ ಎಲ್ಲಾ ಕೊಟ್ಟೀವ್ರಿ," ಎಂದಳು ಬಸಲಿಂಗಮ್ಮ. ಗಂಡುಮಕ್ಕಳು ಕಲಿಸಿ ತಂದದ್ದು ಅದೊಂದೇ.

"ಅದಲ್ಲಮ್ಮ. ಮಕ್ಕಳೆಷ್ಟು? ಹೆಸರು ಹೇಳಿ."

ಆಕೆ ಮಕ್ಕಳ ಮುಖ ನೋಡಿದಳು, ನೆಲ ನೋಡಿದಳು. "ಉಳದಾವು ಮೂರ್ರಿ. ಶರಣಪ್ಪ, ಸೂಗಿ, ಅಮರ್ಯಾ."

ಅಣ್ಣತಮ್ಮಂದಿರ ವಕೀಲರು ಮೆತ್ತಗೆ, "ಯವ್ವಾ, ಕೊಟ್ಟ ಮಗಳನ್ನ ಬಿಟ್ಟು ಹೇಳು," ಎಂದರು.

"ಬಿಟ್ಟು ಹೆಂಗ ಹೇಳ್ಲಿರಿ? ಅಕಿ ನಡುವಿನಾಕಿ," ಎಂದಳು ಬಸಲಿಂಗಮ್ಮ.

ಹಳೆಯ ಮಂಜೂರಾತಿ ರದ್ದಾಯಿತು. ಮನೆಗೇ ಹೋಗಿ ಹೊಸದಾಗಿ ವಂಶಾವಳಿ ಮಾಡಿ ಹೊಲವನ್ನು ತಾಯಿ, ಮಕ್ಕಳು ಎಲ್ಲರ ಹೆಸರಿಗೆ ಮಾಡಬೇಕೆಂದು ಆದೇಶ ಬಂತು. ನನಗೂ ಖಾಜಾ ಸಾಹೇಬರಿಗೂ ಎಚ್ಚರಿಕೆಯ ಪತ್ರ ಬಂತು. ಅದು ಬರಬೇಕಾದದ್ದೇ, ನಾನು ಉತ್ತರ ಬರೆಯಲಿಲ್ಲ.

ಆಮೇಲೆ ದೇವದುರ್ಗಕ್ಕೆ ವರ್ಗವಾಯಿತು, ಕೊನೆಗೆ ಮಟಮಾರಿ. ಎಲ್ಲಿಗೆ ಹೋದರೂ ಚಾವಡಿಯಲ್ಲಿ ವಂಶಾವಳಿ ಬರೆಯಲಿಲ್ಲ. ಸತ್ತವರ ಮನೆಗೆ ಹೋಗಿ ಅಡುಗೆಮನೆಯ ಹೊಸ್ತಿಲಲ್ಲಿ ಕೂತು, ಎಲ್ಲರಿಗಿಂತ ಹಿರಿಯ ಹೆಂಗಸನ್ನು ಕೇಳಿ ಬರೆದೆ. ಪಂಚರ ಸಹಿ ಆಮೇಲೆ. ದೇವದುರ್ಗದಲ್ಲಿ ಒಬ್ಬ ಗೌಡರು, "ಒಲಿ ಮುಂದ ಕುಂತು ಸರ್ಕಾರಿ ಕೆಲಸ ಮಾಡ್ತಾರೇನ್ರಿ?" ಎಂದು ರೇಗಿದರು. "ಹುಟ್ಟಿದ್ದು ಚಾವಡ್ಯಾಗ ಅಲ್ಲಲ್ರಿ ಗೌಡ್ರ," ಎಂದೆ. ಮಟಮಾರಿ ಕಡೆಯ ಅಜ್ಜಿಯೊಬ್ಬಳು ಗಂಡುಮಕ್ಕಳನ್ನು ಕನ್ನಡದಲ್ಲಿ, ಹೆಣ್ಣುಮಕ್ಕಳನ್ನು ತೆಲುಗಿನಲ್ಲಿ ಎಣಿಸಿದಳು. ಹೆಣ್ಣುಮಕ್ಕಳನ್ನೆಲ್ಲ ತೆಲುಗು ಸೀಮೆಯ ಗದ್ವಾಲ ಕಡೆ ಕೊಟ್ಟಿದ್ದರಂತೆ. ನಾನು ನಕ್ಕೆ, ಆಕೆಯೂ ನಕ್ಕಳು, ಹೆಸರು ಮಾತ್ರ ಒಂದೂ ತಪ್ಪಲಿಲ್ಲ.

ಎಲ್ಲ ಕಡೆ ಗೆದ್ದೆ ಎಂದುಕೊಳ್ಳಬೇಡಿ. ಆ ಗೌಡರ ಮನೆಯಲ್ಲೇ ಮೂವರು ಹೆಣ್ಣುಮಕ್ಕಳ ಹೆಸರು ಬರೆಸಿದೆ. ವಾರದೊಳಗೆ ಮೂವರೂ ಹಕ್ಕು ಬಿಟ್ಟು ಸಹಿ ಮಾಡಿದರು. ಅವರಲ್ಲಿ ಒಬ್ಬಳನ್ನು ಕೇಳಿದೆ. "ಅಕ್ಕಾರೆ, ಹೊಲ ಇಟಗೊಂಡು ತವರು ಕಳಕೊಂಡ್ರ ನಾಗರ ಪಂಚಮಿಗಿ ಯಾರ ಮನಿಗಿ ಬರ್ಲಿ?" ಎಂದಳು. ಇಟ್ಟುಕೊಳ್ಳುವುದು, ಬಿಡುವುದು ಅವರವರ ಇಷ್ಟ. ಆದರೆ ಹೆಸರೇ ಇಲ್ಲದವಳ ಇಷ್ಟವನ್ನು ಯಾರು ಕೇಳುತ್ತಾರೆ? ಹೆಸರು ಮೊದಲು ಬರಲಿ. ಹೊಸಬರೇ, ಅಷ್ಟು ನಿಮ್ಮ ಕೈಯಲ್ಲಿದೆ. ಈಗ ಕಂಪ್ಯೂಟರಿನ ಪರದೆಯಲ್ಲಿ ಎಷ್ಟು ಸಾಲು ಬೇಕಾದರೂ ಸೇರಿಸಬಹುದು, ನೀವು ಮನೆಯವರೆಗೆ ನಡೆದರೆ.

ಸೂಗಮ್ಮನನ್ನೂ ಮೂರು ಪಂಚಮಿ ತವರಿಗೆ ಕರೆಯಲು ಯಾರೂ ಬರಲಿಲ್ಲ. ನಾಲ್ಕನೆಯ ವರ್ಷ ತಮ್ಮ ಅಮರೇಶ ಬಂದ. ಸೂಗಮ್ಮ ತನ್ನ ಪಾಲಿನ ಹೊಲವನ್ನು ಇವತ್ತಿಗೂ ತಾನೇ ಮಾಡುತ್ತಾಳೆ.

ಆದೇಶದ ಪ್ರಕಾರ ಆ ಮನೆಗೆ ಹೋಗಿ ವಂಶಾವಳಿ ಬರೆದ ದಿನದ್ದನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದೇನೆ. ನಾನು ಅಡುಗೆಮನೆಯ ಹೊಸ್ತಿಲಲ್ಲಿ ಕೂತದ್ದು ಅಂದೇ ಮೊದಲು. ಬಸಲಿಂಗಮ್ಮ ಒಲೆಯ ಹತ್ತಿರ, ಸೂಗಮ್ಮ ಬಾಗಿಲ ಹೊರಗೆ, ಅಣ್ಣತಮ್ಮಂದಿರು ಪಡಸಾಲೆಯಲ್ಲಿ ಮುಖ ತಿರುಗಿಸಿ ಕೂತಿದ್ದರು. ಎಲ್ಲಿ ಮತ್ತೆ ತಪ್ಪುತ್ತೇನೋ ಎಂಬ ಹೆದರಿಕೆ ನನಗೆ. ಬದುಕಿ ಉಳಿದ ಮಕ್ಕಳು ಎಷ್ಟೆಂದು ಕೇಳಲಿಲ್ಲ.

"ಯವ್ವಾ, ನೀ ಎಷ್ಟು ಹಡದಿ? ಮೊದಲಿಂದ ಹೇಳು," ಎಂದೆ.

"ನಾಕ್ರಿ," ಎಂದಳು. "ಮೊದಲ್ನೇದು ಹೆಣ್ಣು. ಹನ್ನೊಂದು ದಿನ ಇತ್ತು. ಮರುದಿನ ತೊಟ್ಟಲಕ್ಕ ಹಾಕಿ ಹೆಸರಿಡೋದಿತ್ತು."

ಪಡಸಾಲೆಯಲ್ಲಿ ಅಣ್ಣತಮ್ಮಂದಿರು ಈ ಕಡೆ ತಿರುಗಿದರು. ಅವರಿಗೂ ಅದು ಗೊತ್ತಿರಲಿಲ್ಲ. ಹಸುಗೂಸಾಗಿ ಹೋದದ್ದನ್ನು ಬರೆಯದಿದ್ದರೂ ಪಾಲಿನಲ್ಲಿ ಏನೂ ವ್ಯತ್ಯಾಸವಾಗುತ್ತಿರಲಿಲ್ಲ. ಆದರೆ ಬಿಡಲು ನನಗೆ ಮನಸ್ಸಾಗಲಿ ಧೈರ್ಯವಾಗಲಿ ಇರಲಿಲ್ಲ. "ಬರೀತೀನವ್ವಾ. ಹೆಸರಿಲ್ಲ ಅಂತ ಬರೀಲೇನು?" ಎಂದು ಕೇಳಿದೆ.

ಆಕೆ ಒಲೆಯ ಬೂದಿ ಕೆದಕಿದಳು. "ಯಾರೂ ಕೇಳಿದ್ದಿಲ್ರಿ ಇಷ್ಟ ದಿನ," ಎಂದಳು. "ಹೆಸರಿಲ್ಲ ಅಂತ ಬರೀಬ್ಯಾಡ್ರಿ. ಈಗ ಇಡ್ತೀನಿ. ನೀಲಮ್ಮ ಅಂತ ಬರ್ಕೋರಿ, ನಮ್ಮವ್ವನ ಹೆಸರು."

ಮೊದಲ ಗೆರೆ ಎಳೆದು ಬರೆದೆ: ನೀಲಮ್ಮ, ಹೆಣ್ಣು, ಮೃತ. ಎರಡನೆಯ ಗೆರೆ ಶರಣಪ್ಪ. ಮೂರನೆಯದು ಸೂಗಮ್ಮ, ನಾಲ್ಕನೆಯದು ಅಮರೇಶ. ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳಿದೆ. ಶರಣಪ್ಪ ಎದ್ದು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತ.

"ಹಂಗಾರ ನಾ ಹಿರೇಂವ ಅಲ್ಲೇನವ್ವಾ?" ಎಂದು ಕೇಳಿದ.

"ಅಲ್ಲೋ ಯಪ್ಪಾ. ನಿನಗ ಒಬ್ಬಾಕಿ ಅಕ್ಕ ಇದ್ದಳು," ಎಂದಳು ತಾಯಿ, ಹೆಬ್ಬೆಟ್ಟಿಗೆ ಮಸಿ ಹಚ್ಚಿಸಿಕೊಳ್ಳಲು ನನ್ನ ಕಡೆ ಕೈ ಚಾಚಿ.